ಮಾಸ್ತರರ ಆಫ್ರಿಕಾ ಹುಲ್ಲು

ನಮ್ಮ ಮನೆಯವರು ರಘೋತ್ತಮ ಮಾಸ್ತರರು ಮುನವಳ್ಳಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮಳೆಯೂ ತಮ್ಮ ವಿದ್ಯಾರ್ಥಿಯೇ ಎಂಬುದು ಅವರ ತಿಳುವಳಿಕೆ. 2003ರ ಬರಗಾಲದಲ್ಲಿ ಎಲ್ಲಿಂದಲೋ ಒಂದು ಚೀಲ ಆಫ್ರಿಕಾ ಹುಲ್ಲಿನ ಬೀಜ ಹೊತ್ತುಕೊಂಡು ಬಂದರು.

“ನಮ್ಮ ಹುಲ್ಲು ಬಿಸಲಿಗೆ ಸಾಯ್ತದ, ಇದು ಬಿಸಲಾಗ ಬೆಳೀತದ. ಎರಡು ಹದ ಮಳಿ ಆದ್ರ ಸಾಕು!” ಎಂದು ನೆರೆಮನೆಯ ಇಮಾಮಹುಸೇನನಿಗೆ ಒಂದು ತಾಸು ಪಾಠ ಮಾಡಿದರು. ಪಾಪ, ಅವನು ಇವರ ಹಳೆಯ ವಿದ್ಯಾರ್ಥಿ, ನಂಬಿಬಿಟ್ಟ. ತನ್ನ ಎರಡು ಎಕರೆ ಗರಸು ಭೂಮಿಯನ್ನು ಅದಕ್ಕೇ ಬಿಟ್ಟ. ಹುಲ್ಲು ಬಂದರೆ ಅವನ ಎಮ್ಮೆ ಮನೆಯಲ್ಲಿ, ಬಾರದಿದ್ದರೆ ಸಂತೆಯಲ್ಲಿ. ಅವನ ಹೆಂಡತಿ ಸೈದಾಬಿ ಆ ಎಮ್ಮೆಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು.

ಜೂನಿನಲ್ಲಿ ಮಿರಗದ ಮಳೆಗೆ ಇಮಾಮಹುಸೇನ ಬಿತ್ತಿದ. ಹುಲ್ಲು ಬರಲಿಲ್ಲ. ಮಾಸ್ತರರು ದಿನಾ ಡಬ್ಬಿಯಲ್ಲಿ ಮಳೆ ಅಳೆದು, “ಬರೇ ಒಂಬತ್ತು ಮಿಲಿಮೀಟರ್! ಹವಾಮಾನನ ಕೆಟ್ಟದ,” ಎನ್ನುವರು.

“ಛಡಿ ತಗೊಂಡು ಹೋಗ್ರಿ, ಹೆದರಿ ಸುಧಾರಸ್ತದ,” ಎಂದೆ. ನಗಲಿಲ್ಲ.

ಆಶ್ಲೇಷಾ ಮಳೆ ಚೆನ್ನಾಗಿ ಬಂತು. ಹೊಲದಲ್ಲಿ ಆಗಲೂ ಬರೀ ಕಲ್ಲು. ಆದರೆ ನಾನು ಖಾಲಿ ಚೀಲ ಝಾಡಿಸಿದ್ದ ನಮ್ಮ ಹಿತ್ತಲಲ್ಲಿ, ಅಬ್ಬಬ್ಬಾ, ಒಂದೂವರೆ ತಿಂಗಳಿಗೆ ಮೊಣಕಾಲುದ್ದದ ಹುಲ್ಲು! ಮಾಸ್ತರರು ಸುತ್ತಲೂ ದಾರ ಕಟ್ಟಿ, ಫೂಟುಪಟ್ಟಿ ಹಿಡಿದು, ಬೀಜಕ್ಕೆ ಬಿಡಬೇಕು, ಯಾರೂ ಮುಟ್ಟಬಾರದು ಎಂದರು.

ಅದೇ ಮಳೆ, ಅದೇ ಬಿಸಿಲು. ನನಗೆ ಅನುಮಾನ ಬಂತು. ಇಮಾಮಹುಸೇನನನ್ನು ಕರೆದು, “ಬೀಜ ಹೆಂಗ ಬಿತ್ತಿದೆಪಾ?” ಎಂದು ಕೇಳಿದೆ.

“ಹತ್ತಿ ಅರಳಿ ಹಂಗ ಹಗುರ ಇದ್ದೂರಿ ಬಾಯಾರ, ಗಾಳಿಗಿ ಹಾರಿ ಹೋಗ್ತಾವಂತ ಹಿಂಗಾರಿ ಜ್ವಾಳದಂಗ ಕೂರಿಗಿ ಹೂಡಿ ಆಳಕ್ಕ ಬಿತ್ತೀನ್ರಿ.”

ಅಲ್ಲೇ ಇದ್ದ ಮಾಸ್ತರರು ತಲೆಯ ಮೇಲೆ ಕೈಹೊತ್ತರು. “ಅದನ್ನ ಮ್ಯಾಲ ಚೆಲ್ಲಬೇಕೋ ಮಾರಾಯಾ!”

“ನೀವು ಹೇಳಲಿಲ್ಲಲ್ರಿ ಸರ್,” ಎಂದ ಅವನು ಮೆಲ್ಲಗೆ. “ಇರಲಿ ಬಿಡ್ರಿ. ನಾಳೆ ಸವದತ್ತಿ ಸಂತಿಗೆ ಎಮ್ಮಿ ಹೊಡಕೊಂಡು ಹೋಗ್ತೇನಿ.”

ನನಗೆ ಮೈಯೆಲ್ಲ ಉರಿಯಿತು. ಆಫ್ರಿಕಾದ ಬಿಸಿಲು ಹೇಳಲು ಇವರಿಗೆ ಒಂದು ತಾಸು ಸಿಕ್ಕಿತು, ಇದೊಂದು ಮಾತಿಗೆ ಬಾಯಿ ಬರಲಿಲ್ಲವೇ! ರಾತ್ರಿ ತಾಟು ಕುಕ್ಕಿ ಊಟ ಬಡಿಸಿದೆ.

ಬೆಳಿಗ್ಗೆ ಸೈದಾಬಿ ಎಮ್ಮೆಯ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಹಗ್ಗ ಹಿಡಿದು ಗಂಡನ ಜೊತೆ ಹೊರಟಿದ್ದಳು. ಅಷ್ಟರಲ್ಲಿ ಮಾಸ್ತರರು ಹುಲ್ಲಿನ ದೊಡ್ಡ ಹೊರೆ ತಬ್ಬಿಕೊಂಡು ಹಿತ್ತಲಿನಿಂದ ಓಡಿ ಬಂದರು. ಧೋತರದ ತುಂಬ ಕೆಸರು.

“ಎಮ್ಮಿ ತಿರುಗಿಸು. ಈ ಹುಲ್ಲ ಅದಕ್ಕ ಹಾಕು, ಕೊಯ್ದಂಗ ಚಿಗೀತದ. ಅರ್ಧ ಬುಡ ಬೇರು ಸಮೇತ ಕಿತ್ತೇನಿ, ಹಸಿ ಆರೂದ್ರಾಗ ನಿನ್ನ ಹೊಲದಾಗ ಹಚ್ಚೋಣು. ಹೆಂಗ ಹಚ್ಚಬೇಕಂತ ನಾನ ಬಂದು ತೋರಸ್ತೇನಿ.” ಹೊರೆಯನ್ನು ಎದೆಗವಚಿಕೊಂಡು, “ತಪ್ಪು ನಂದದನೋ ಇಮಾಮಾ,” ಎಂದರು.

ನಲವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನೊಮ್ಮೆಯೂ ಕೇಳಿರಲಿಲ್ಲ. ಸೈದಾಬಿ ಹಗ್ಗ ಬಿಟ್ಟು ಅಲ್ಲೇ ಕುಳಿತು ಅತ್ತಳು. ಎಮ್ಮೆ ಮಾತ್ರ ಯಾರನ್ನೂ ಕೇಳದೆ ಮಾಸ್ತರರ ಎದೆಗೇ ಬಾಯಿ ಹಾಕಿ ಹುಲ್ಲು ಎಳೆಯತೊಡಗಿತು.