ಹಾಕುವ ಮೊದಲೇ ಹಿಡಿದ ಮೊಣಕಾಲು ನೋವು

ಕೊಲ್ಲಿ ದೇಶದ ಅಲ್ ವುಕೈರ್‌ನ ಒಂದು ವಸತಿ ಕಟ್ಟಡದ ಲಿಫ್ಟಿನೊಳಗೆ ಚೀಟಿಯೊಂದು ಅಂಟಿತು. "ನಮ್ಮ ಟ್ಯಾಂಕಿನ ಕುಡಿಯುವ ನೀರಿಗೆ ಅಳತೆಯ ಫ್ಲೋರೈಡ್ ಬೆರೆಸಬಹುದೇ? ಶುಕ್ರವಾರ ಸಂಜೆಯ ಅಸರ್ ನಮಾಜಿನ ಬಳಿಕ ಸಭೆ. ಎಲ್ಲರೂ ಬಂದು ಅಭಿಪ್ರಾಯ ಹೇಳಿ."

ಅದನ್ನು ಪೂರ್ತಿ ಓದಿ ಮುಗಿಸಲು ಅದೇ ಕಟ್ಟಡದ ಮೂಸಬ್ಬನವರು ಲಿಫ್ಟಿನಲ್ಲಿ ಎರಡು ಸಲ ಮೇಲೆ ಕೆಳಗೆ ಹೋಗಿಬಂದರು. ಫ್ಲೋರೈಡ್ ಅಂದರೇನೆಂದು ಅವರಿಗೆ ಗೊತ್ತು. ಮಂಗಳೂರಿನಿಂದ ಪಾವಗಡಕ್ಕೆ ಒಣಮೀನಿನ ಲಾರಿ ಓಡಿಸುತ್ತಿದ್ದ ಕಾಲದಲ್ಲಿ, ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದವರನ್ನು, ಕಾಲು ಬಾಗಿದವರನ್ನು ಕಣ್ಣಾರೆ ಕಂಡವರು.

"ಅಲ್ಲಿ ಅದನ್ನು ತೆಗೀಲಿಕ್ಕೆ ಮಿಷನ್ ಇಡ್ತಾರೆ. ಇಲ್ಲಿ ಹಾಕ್ಲಿಕ್ಕೆ ಮೀಟಿಂಗ್ ಕರೀತಾರೆ. ಇವರಿಗೆ ತಲೆ ಸರಿ ಉಂಟಾ?" ಎಂದು ಕಂಡಕಂಡವರಲ್ಲಿ ಹೇಳಿದರು.

ಮಾತು ಮಹಡಿ ಹತ್ತಿತು. ಮೇಲಿನ ಮನೆಯ ಯತಿರಾಜ್ ಮರುದಿನ ಕುಂಟುತ್ತಾ ಎದುರಾದ.

"ಮೂಸಾಕ, ನೀವು ಹೇಳಿದ್ದು ಕರೆಕ್ಟ್. ನಿನ್ನೆಯಿಂದ ನನ್ನ ಮೊಣಕಾಲು ಹಿಡ್ಕೊಂಡಿದೆ."

"ನೀರಿಗೆ ಇನ್ನೂ ಹಾಕ್ಲಿಲ್ಲ ಮಾರಾಯ."

"ಹಾಕುವ ಸುದ್ದಿಗೇ ಹೀಗೆ. ಹಾಕಿದ ಮೇಲೆ ನಾನು ನಡೆಯುವುದುಂಟಾ?"

ಮೂಸಬ್ಬನವರು ಮನೆಗೆ ಬಂದವರೇ ಕನ್ನಡಕ ಏರಿಸಿ ಟೂತ್‌ಪೇಸ್ಟಿನ ಟ್ಯೂಬು ಓದಿದರು. ಅಲ್ಲೂ ಫ್ಲೋರೈಡ್. ಟ್ಯೂಬು ಕಸದ ಬುಟ್ಟಿ ಸೇರಿತು. "ಖಲಾಸ್. ಇನ್ನು ಹಲ್ಲುಜ್ಜಲಿಕ್ಕೆ ಎಲ್ಲರಿಗೂ ಮಿಸ್ವಾಕ್ ಕಡ್ಡಿ."

ಅದೇ ಸಂಜೆ ಮೊಮ್ಮಗಳು ಜುಮಾನಾ ತುತ್ತು ಬಾಯಿಗಿಟ್ಟು ಅಳತೊಡಗಿದಳು. "ಅಜ್ಜಾ, ಟೂತ್ ನೋಯ್ತದೆ." ಅನ್ನ ಬೇಡ, ಹಾಲೂ ಬೇಡ. ಹೆಂಡತಿ ಖದೀಜಾ ಪಕ್ಕದ ಮನೆಯ ದಂತವೈದ್ಯೆ ಭವ್ಯಶ್ರೀಯನ್ನು ಕರೆತಂದರು.

ಭವ್ಯಶ್ರೀ ಮೊಬೈಲಿನ ಬೆಳಕು ಹಿಡಿದು ನೋಡಿದರು. "ದವಡೆ ಹಲ್ಲಲ್ಲಿ ಹುಳುಕು. ನಾಳೆ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ, ತುಂಬಿಸುವಾ. ಇದು ಒಂದು ದಿನದಲ್ಲಿ ಆದದ್ದಲ್ಲ ಮೂಸಾಕ. ಮಲಗುವ ಮೊದಲು ಸಕ್ಕರೆ ಸುರಿದ ಕರಕ್ ಚಾದಲ್ಲಿ ಬಿಸ್ಕೆಟ್ ಅದ್ದಿ ಕೊಡುವವರು ಯಾರು?"

ಅಜ್ಜ ಎಸಿಯ ಕಡೆ ನೋಡಿದರು.

"ಪೇಸ್ಟನ್ನೂ ಬಿಸಾಡಿದ್ದಾರೆ," ಎಂದರು ಖದೀಜಾ.

"ಮಿಸ್ವಾಕ್ ಒಳ್ಳೆಯದೇ, ಬಿಡಬೇಡಿ. ಪೇಸ್ಟೂ ಇರಲಿ."

"ಹಾಗಾದ್ರೆ ಪಾವಗಡದಲ್ಲಿ ನಾನು ಕಂಡದ್ದು ಸುಳ್ಳಾ ಡಾಕ್ಟ್ರೇ?"

"ಪೂರಾ ನಿಜ. ಅಲ್ಲಿ ನೆಲದ ನೀರಲ್ಲೇ ಅಳತೆ ಮೀರಿ ಉಂಟು. ವರ್ಷಗಟ್ಟಲೆ ಕುಡಿದ್ರೆ ಎಲುಬಿಗೆ ಕೇಡು. ಇಲ್ಲಿಯದ್ದು ಸಮುದ್ರದ ನೀರು. ಉಪ್ಪು ತೆಗೆಯುವಾಗ ಫ್ಲೋರೈಡೂ ಬಹುಪಾಲು ಹೋಗ್ತದೆ. ಸರಿಯಾದ ಅಳತೆಯಲ್ಲಿದ್ರೆ ಹಲ್ಲು ಗಟ್ಟಿಯಾಗ್ತದೆ, ಹುಳುಕು ಕಮ್ಮಿಯಾಗ್ತದೆ."

"ಹೆಚ್ಚಾದ್ರೂ ಕಷ್ಟ, ಕಮ್ಮಿಯಾದ್ರೂ ಕಷ್ಟ. ಇದೆಂಥ, ಅಳಿಯನ ಮರ್ಯಾದೆಯಾ?"

"ಅಲ್ಲ, ಗಂಜಿಯ ಉಪ್ಪು," ಎಂದರು ಖದೀಜಾ. "ಉಪ್ಪಿಲ್ಲದಿದ್ರೆ ನೀವು ಬಟ್ಟಲು ದೂಡ್ತೀರಿ. ಹಿಡಿ ಉಪ್ಪು ಸುರಿದ್ರೆ ನನ್ನನ್ನೇ ದೂಡ್ತೀರಿ."

ಭವ್ಯಶ್ರೀ ನಕ್ಕರು. "ಸಭೆಯಲ್ಲಿ ಬೇಕು ಅನ್ನಿ, ಬೇಡ ಅನ್ನಿ, ನಿಮ್ಮ ಇಷ್ಟ. ಬೊಬ್ಬೆ ಮಾತ್ರ ಹಾಕಬೇಡಿ. ನಿಮ್ಮ ಹೆದರಿಕೆಯನ್ನೇ ಪ್ರಶ್ನೆ ಮಾಡಿ ಕೇಳಿ."

ಶುಕ್ರವಾರ ಮೂಸಬ್ಬನವರು ಎದ್ದು ನಿಂತಾಗ ಯತಿರಾಜ್ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡ. ಆದರೆ ಅವರು ಮೆಲ್ಲಗೆ ಕೇಳಿದರು. "ಅಳತೆ ನೋಡುವವರು ಯಾರು? ರಿಪೋರ್ಟ್ ನಮಗೆ ಎಲ್ಲಿ ಸಿಗ್ತದೆ? ಹೆಚ್ಚಾದ ದಿನ ನಿಲ್ಲಿಸುವವರು ಯಾರು?"

ಕಟ್ಟಡದ ಮ್ಯಾನೇಜರ್ ಪಾಸ್ಕಲ್ ಬೆವರು ಒರೆಸಿಕೊಂಡರು. "ಅದನ್ನು ಕೇಳಿ ಹೇಳ್ಬೇಕಷ್ಟೆ."

"ಕೇಳಿ ಬನ್ನಿ. ಉತ್ತರ ಸರಿಯಿದ್ರೆ ಮೊದಲು ಎತ್ತುವ ಕೈ ನನ್ನದು."

ಮುಂದಿನ ಸಭೆಗೆ ಪಾಸ್ಕಲ್ ಉತ್ತರ ತಂದರು. ಪರೀಕ್ಷೆ ಹೊರಗಿನ ಲ್ಯಾಬಿನದು, ವರದಿ ಗೇಟಿನ ಬಳಿ ಎಲ್ಲರಿಗೂ ಕಾಣುವಂತೆ, ಅಳತೆ ತಪ್ಪಿದರೆ ಬೆರೆಸುವುದು ಕೂಡಲೇ ಬಂದ್. ಮೂಸಬ್ಬನವರು ಕೈ ಎತ್ತಿದರು. ಪಕ್ಕದಲ್ಲಿ ಕೂತು, ತುಂಬಿಸಿದ ಹಲ್ಲಿನಲ್ಲಿ ಕಡಲೆ ಅಗಿಯುತ್ತಿದ್ದ ಜುಮಾನಾ ಕೂಡ ಎತ್ತಿದಳು. ಅವಳದನ್ನು ಯಾರೂ ಎಣಿಸಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನೀರಿನಲ್ಲಿ ಫ್ಲೋರೈಡ್ ಹೆಚ್ಚೋ ಕಡಿಮೆಯೋ ನಾಲಿಗೆಗೆ ತಿಳಿಯದು, ಪರೀಕ್ಷೆ ಮಾಡಿಸಿ. ಮೂರು ವರ್ಷ ದಾಟಿದ ಮಕ್ಕಳಿಗೆ ಬಟಾಣಿ ಕಾಳಿನಷ್ಟು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ನುಂಗದೆ ಉಗಿಯಲು ಕಲಿಸಿ. ನೀರಿನ ಸಭೆಗೆ ಕರೆ ಬಂದರೆ ತಪ್ಪದೆ ಹೋಗಿ, ಗೊತ್ತಿದ್ದದ್ದನ್ನು ಹೇಳಿ, ಗೊತ್ತಿಲ್ಲದ್ದನ್ನು ಕೇಳಿ. ನೀವು ಹೋಗದ ಸಭೆ ತೀರ್ಮಾನಿಸಿದ ನೀರನ್ನೂ ನಿಮ್ಮ ಮಕ್ಕಳೇ ಕುಡಿಯುವುದು.