ಹುಳಿ ಮಜ್ಜಿಗೆಯ ಋಣ

ನಾನೊಂದು ಕರಿಬೇವಿನ ಗಿಡ. ಬೇಕಾದಾಗ ಒಗ್ಗರಣೆಗೆ ಕರೆದು, ಉಣ್ಣುವಾಗ ತಟ್ಟೆಯ ಅಂಚಿಗೆ ತಳ್ಳುತ್ತಾರಲ್ಲ, ಅದೇ ಜಾತಿ. ಈ ಸಿಟ್ಟು ನನಗೆ ಹುಟ್ಟಿನಿಂದಲೇ ಇದೆ.

ತಾಯಿಯ ಬೇರಿನಿಂದ ಒಡೆದ ನನ್ನನ್ನು ಜಾನಕಮ್ಮ ಎಣ್ಣೆ ಡಬ್ಬದಲ್ಲಿ ತಂದು, ಹಾಸನದ ತಮ್ಮ ಮನೆಯ ಕಾಂಪೌಂಡಿನ ಪಕ್ಕ ನೆಟ್ಟರು. ಮೂರು ವರ್ಷವಾದರೂ ನಾನು ಮೊಳದುದ್ದ ದಾಟಲಿಲ್ಲ.

"ಹುಳಿ ಮಜ್ಜಿಗೆ ಹಾಕ್ಬೇಕು ಕಣಮ್ಮ, ಆಗ ನೋಡು ಹೆಂಗೆ ಬತ್ತದೆ," ಎಂದರು ಪಕ್ಕದ ಮನೆಯ ಸಾಕಮ್ಮ. ಅವರ ಮನೆಯಲ್ಲಿ ಹಸು ಇತ್ತು. ವಾರಕ್ಕೆರಡು ಸಲ ಬೆಳಗಾಗುತ್ತಲೇ ಒಂದು ಚೊಂಬು ಹುಳಿ ಮಜ್ಜಿಗೆ ತಂದು ನನ್ನ ಬುಡಕ್ಕೆ ಸುರಿದು, ನಾಲ್ಕು ಕಡ್ಡಿ ಸೊಪ್ಪು ಮುರಿದುಕೊಂಡು ಹೋಗುವರು. ನಾನು ನೋಡನೋಡುತ್ತಾ ಸೂರಿನೆತ್ತರ ಬೆಳೆದೆ. ಬೀದಿಯ ಒಗ್ಗರಣೆಗೆಲ್ಲ ನಾನೇ ಬೇಕಾದೆ.

ಜಾನಕಮ್ಮನ ಯಜಮಾನರಿಗೆ ವರ್ಗವಾಯಿತು. ಮನೆ ಮಾರಿದರು. ಕೊಂಡವರು ಹೇಮಲತಾ ಮತ್ತು ಉಮಾಪತಿ, ಹತ್ತು ವರ್ಷ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದವರು. ಸ್ವಂತ ಮಣ್ಣು ಅವರಿಗೆ ಹೊಸದು. ಬಂದ ದಿನವೇ ಹೇಮಲತಾ ಗೇಟಿಗೆ ಬೀಗ ಹಾಕಿ, ಅಂಗಳ ಸುತ್ತಿ ತೀರ್ಪು ಕೊಟ್ಟಳು. "ದಾಸವಾಳ ಇರ್ಲಿ, ಪೂಜೆಗಾಗುತ್ತೆ. ಕಳ್ಳಿ ಬೇಡ. ಕರಿಬೇವು ಇರ್ಲಿ." ನಾನು ನಿಟ್ಟುಸಿರು ಬಿಟ್ಟೆ.

ಆದರೆ ನಾಲ್ಕನೆಯ ದಿನ ನನ್ನ ಬುಡದಲ್ಲಿ ಬೆಳ್ಳಗೆ ಏನೋ ಚೆಲ್ಲಿದ್ದು ಹೇಮಲತಾಳ ಕಣ್ಣಿಗೆ ಬಿತ್ತು. ಮತ್ತೆ ಮೂರು ದಿನ ಕಳೆದು ಮತ್ತೆ ಚೆಲ್ಲಿತ್ತು. ಹೀಗೇ ಮೂರು ತಿಂಗಳು. ಹೇಮಲತಾಳ ಮುಖ ದಿನದಿಂದ ದಿನಕ್ಕೆ ಬಾಡಿತು. "ರೀ, ಯಾರೋ ಮಾಟ ಮಾಡಿಸ್ತಿದಾರೆ. ಈ ಗಿಡಾನ ಮೊದ್ಲು ತೆಗೆಸಿ. ಇಲ್ಲಾಂದ್ರೆ ನಾನು ಈ ಮನೇಲಿ ಇರಲ್ಲ." ಮಜ್ಜಿಗೆ ಎಂದು ಕೂಗಿ ಹೇಳಲು ನನಗೆ ಬಾಯಿಯಿಲ್ಲ. ಇಷ್ಟು ಎಲೆಗಳಿದ್ದು ಏನು ಬಂತು!

ಗುರುವಾರ ಬೆಳಿಗ್ಗೆ ಕೊಡಲಿಯವನು ಬಂದ. ಮೊದಲ ಏಟು ಬಿತ್ತು. ನೋವಿಗಿಂತ ಅವಮಾನವೇ ಹೆಚ್ಚಾಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಚೊಂಬು ಎದ್ದಿತು, ಅದರ ಹಿಂದೆ ಸಾಕಮ್ಮನ ತಲೆ.

"ಅಯ್ಯೋ, ನಿಲ್ಸೋ! ಹಸಿ ಗಿಡ ಯಾಕೋ ಕಡೀತೀಯ?"

ಹೇಮಲತಾ ಚೊಂಬನ್ನೇ ನೋಡಿದಳು. "ಅದ್ರಲ್ಲಿ ಏನಿದೆ?"

"ಹುಳಿ ಮಜ್ಜಿಗೆ ಕಣವ್ವ. ಕರಿಬೇವಿಗೆ ಇದಿಲ್ದಿದ್ರೆ ಆಗಕಿಲ್ಲ. ಗೇಟಿಗೆ ಬೀಗ ಹಾಕಿದ್ಯಲ್ಲ, ಅದಕ್ಕೇ ಈ ಕಡೆಯಿಂದ್ಲೇ ಹುಯ್ತಿದ್ದೆ."

"ಒಂದು ಎಲೇನೂ ಕಿತ್ಕೊಂಡಿಲ್ವಲ್ಲ ನೀವು, ಮತ್ತೆ ಯಾಕೆ?"

"ಈಗ ಗಿಡ ನಿಂದು, ಕೇಳ್ದೆ ಕೀಳಕ್ಕಾಯ್ತದಾ? ಸೊಪ್ಪು ನೀ ಕೊಟ್ರೂ ಸರಿ, ಬಿಟ್ರೂ ಸರಿ, ಗಿಡ ಸೊರಗಬಾರ್ದಲ್ಲ."

ಹೇಮಲತಾಳ ಕಣ್ಣು ತುಂಬಿತು. ಮೂರು ತಿಂಗಳು ತಾನು ಹೆದರಿದ್ದು ಇದಕ್ಕೋ ಎಂದು ನಗುವೂ ಬಂತು. ಕೊಡಲಿಯವನಿಗೆ ಕಾಫಿ ಕೊಟ್ಟು ಕಳಿಸಿದಳು. ಬೀಗ ತೆಗೆದವಳು ಅದನ್ನು ಎಲ್ಲಿಟ್ಟಳೋ, ಮತ್ತೆ ಗೇಟಿನ ಮೇಲೆ ನಾನು ನೋಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಂದು ಕೊಂಬೆ ಒಣಗಿದೆ. ಸಾಕಮ್ಮ ಹಸು ಕೊಟ್ಟುಬಿಟ್ಟಿದ್ದಾರೆ, ಅವರಿಗೆ ನಡೆಯಲೂ ಆಗದು. ವಾರಕ್ಕೆರಡು ಸಲ ಹೇಮಲತಾಳೇ ಮಜ್ಜಿಗೆ ತಂದು, ಕೊಡಲಿಯ ಗಾಯ ಮಾಯ್ದ ಗಂಟನ್ನು ಸವರಿ ಬುಡಕ್ಕೆ ಸುರಿಯುತ್ತಾಳೆ. ಆಮೇಲೆ ನಾಲ್ಕು ಕಡ್ಡಿ ಮುರಿದು ಪಕ್ಕದ ಮನೆಗೆ ಹೋಗುತ್ತಾಳೆ.

ತಟ್ಟೆಯ ಅಂಚಿಗೆ ತಳ್ಳುವವರು ತಳ್ಳಲಿ. ಸಾಕಮ್ಮ ಒಂದೆಲೆಯನ್ನೂ ತಳ್ಳುವುದಿಲ್ಲವಂತೆ. ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಅಗಿದು ನುಂಗುತ್ತಾರಂತೆ.