ಕಿತ್ತ ಸಾಲು

"ಎಳೀಬೇಡ ನನ್ನ. ಮುಖ ನೋಡಲ್ಲ ಅಂದ್ಮೇಲೆ ನೋಡಲ್ಲ," ಎಂದು ಎನಿಫಾ ಕೈ ಕೊಡವಿಕೊಂಡು ಗೋಡೆಯತ್ತ ತಿರುಗಿ ಕೂತಳು.

ಮೈದುನ ಬ್ವನಾಲಿ ಸೋತು ಹಿಂದೆ ಸರಿದ. ಚಾಪೆಗಳ ಮೇಲಿದ್ದ ಹೆಂಗಸರ ಹಾಡು ಅರ್ಧಕ್ಕೇ ನಿಂತಿತು. ಕೋಣೆಯ ನಡುವೆ, ತೆರೆದ ಪೆಟ್ಟಿಗೆಯಲ್ಲಿ, ಅವಳ ಗಂಡ ಕೆನಾನಿ ಲಿಕೊಂಗ್ವೆ ಮಲಗಿದ್ದ. ‘ಕಲಿಲೋಲೆ’ ಪತ್ರಿಕೆಯ ಸಂಪಾದಕ. ಯಾರದೋ ಕೆಟ್ಟ ವರದಿ ಓದಲಾರದೆ ಕಣ್ಣು ಮುಚ್ಚಿಕೊಂಡವನ ಹಾಗಿತ್ತು ಮುಖ. ಊರೆಲ್ಲ ಸಾಲಾಗಿ ಬಂದು ಆ ಮುಖ ನೋಡಿ ಹೋಗಿತ್ತು. ಹೆಂಡತಿಯೊಬ್ಬಳೇ ಬಾಕಿ.

"ನೀನಾದ್ರೂ ಹೇಳು ಮಾರಾಯ," ಬ್ವನಾಲಿ ಲಾಸ್ಟನ್‌ನ ತೋಳು ಹಿಡಿದ. "ಮೂವತ್ತು ವರ್ಷ ಅಣ್ಣನ ಪಕ್ಕದಲ್ಲೇ ನಿಂತು ಅಚ್ಚುಮೊಳೆ ಜೋಡಿಸಿದೋನು ನೀನು."

ಲಾಸ್ಟನ್ ಚಾಪೆಯ ಅಂಚಿನಲ್ಲಿ ಮಂಡಿಯೂರಿದ. ಜೇಬಿನಲ್ಲಿ ಮೃತರ ಚರಿತ್ರೆಯ ಎರಡು ಹಾಳೆಗಳಿದ್ದವು; ಮಣ್ಣು ಮುಚ್ಚುವ ಮುಂಚೆ ಅದನ್ನು ಓದುವ ಕೆಲಸ ಅವನದು. ಯಾರ ದನಿಯನ್ನಾದರೂ ಅಣಕಿಸಿ ಇಡೀ ಅಚ್ಚುಮನೆಯನ್ನು ನಗಿಸುತ್ತಿದ್ದವನು ಈಗ ತನ್ನದೇ ದನಿಯಲ್ಲಿ ಮಾತಾಡಿದ.

"ಅತ್ತಿಗೇ... ಒಂದ್ಸಲ ನೋಡಿ. ಆಮೇಲೆ ಬೇಕಂದ್ರೂ ಸಿಗಲ್ಲ."

"ಚರಿತ್ರೆ ನೀನೇ ಬರ್ದಿದೀಯಂತೆ. ಆ ಸಾಲಿನ ವಿಷಯಾನೂ ಬರ್ದಿದೀಯಾ?"

ಲಾಸ್ಟನ್ ಹೂಂಗುಟ್ಟಿದ.

"ನನ್ನ ಥೋಕೊ ದಡಾರ ಬಂದು ಸಾಯೋವಾಗ ಅಪ್ಪಾ ಅಪ್ಪಾ ಅಂತಿತ್ತು. ಅಪ್ಪ ಎಲ್ಲಿ? ಜೈಲಲ್ಲಿ. ಯಾಕೆ? ದೊರೆಯ ಬಿರುದೊಂದನ್ನ ಪೇಪರ್‌ನಿಂದ ಕಿತ್ತು ಹಾಕಿದ್ದಕ್ಕೆ. ಒಂದು ಸಾಲು ಕಣೋ ತಮ್ಮಾ! ಇರ್ಲಿ ಅಂತ ಬಿಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು? ಮಗೂಗಿಂತ ಆ ಸಾಲು ಹೆಚ್ಚಾಯ್ತಾ ಅಂತ ಕೇಳ್ದೆ. ಸಾಯೋವರೆಗೂ ಬಾಯಿ ಬಿಡ್ಲಿಲ್ಲ. ಈಗ ಆ ಮುಖದಲ್ಲಿ ಏನಿದೆ ನೋಡೋಕೆ?"

ಲಾಸ್ಟನ್ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ತುಂಬಿಕೊಂಡು ಜೋಫಾಟ್ ನಿಂತ, ಗುಂಡಿ ತೋಡುವವರ ಮುಖಂಡ. ಸಾವಿನ ಮನೆಯಲ್ಲಿ ನಗಿಸುವ ಹಕ್ಕೂ ಬೈಯುವ ಹಕ್ಕೂ ಅವನ ತಂಡದ್ದೇ.

"ಏನ್ರಪ್ಪಾ, ಸಂಪಾದಕರ ಪುಟ ಇನ್ನೂ ಮುಗೀಲಿಲ್ವಾ? ಅಲ್ಲಿ ಗುಂಡಿ ರೆಡಿ, ಇಲ್ಲಿ ಹೊಟ್ಟೆ ಖಾಲಿ. ಕೋಳಿ ಅಂತ ಕರ್ದು ಬರೀ ನ್ಸಿಮ ಮುದ್ದೆ, ಎಲೆಕೋಸು ಬಡ್ಸಿದೀರಿ!"

ಯಾರೂ ನಗಲಿಲ್ಲ. ಅವನ ಹುಡುಗರು ಮುಚ್ಚಳ ಎತ್ತಿಟ್ಟರು. ಸ್ಕ್ರೂಗಳು ಒಂದೊಂದಾಗಿ ತಿರುಗಿದವು.

*

ವರ್ಷಗಳ ಹಿಂದಿನ ಆ ದಿನ ಮುಖಪುಟದಲ್ಲಿ ದೊರೆಯ ಚಿತ್ರದ ಕೆಳಗಿನ ಬರಹ ಒಂದು ಸಾಲು ಹೆಚ್ಚಾಗಿತ್ತು. ಹೆಸರಿಗಿಂತ ಮುಂಚೆ ಬಿರುದುಗಳ ದಿಬ್ಬಣವೇ ಹೊರಡಬೇಕು, ಒಂದನ್ನೂ ಬಿಡುವಂತಿಲ್ಲ, ಅಂಥ ಕಾಲ. ಚಿತ್ರವನ್ನು ಮೇಲೆ ಸರಿಸಲೆಂದು ಲಾಸ್ಟನ್ ‘ಆಜೀವ ನಾಯಕ’ ಎಂಬ ಸೀಸದ ಸಾಲನ್ನು ಎತ್ತಿ ಪಕ್ಕದ ಮೇಜಿನ ಮೇಲಿಟ್ಟ. "ನನ್ನ ಪ್ರಜೆಗಳೇ, ನಿಮ್ಮ ನಾಯಕನಿಗೆ ಕೂರಲು ಕೊಂಚ ಜಾಗ ಬಿಡಿ," ಎಂದು ದೊರೆಯ ನಡುಗು ದನಿಯನ್ನೇ ಎತ್ತಿ ಆಡಿದ. ಅಚ್ಚುಮನೆ ಬಿದ್ದು ಬಿದ್ದು ನಕ್ಕಿತು. ಆ ನಗೆಯಲ್ಲಿ ಸಾಲನ್ನು ಮತ್ತೆ ಜೋಡಿಸುವುದು ಮರೆತು ಅದು ಮೇಜಿನ ಮೇಲೇ ಉಳಿಯಿತು; ಪತ್ರಿಕೆ ಹಾಗೇ ಅಚ್ಚಾಯಿತು.

ಮಾರನೆಯ ಬೆಳಿಗ್ಗೆ ಪೊಲೀಸರು ಬಂದರು.

"ಯಾರು ಕಿತ್ತಿದ್ದು?"

ಕೆನಾನಿ ಮೇಜನ್ನು ನೋಡಿದ. ಲಾಸ್ಟನ್‌ನ ಮುಖವನ್ನೂ ನೋಡಿದ. "ನನ್ನ ಪತ್ರಿಕೇಲಿ ನಾನು ಹೇಳದೆ ಯಾವ ಸಾಲೂ ಅಲ್ಲಾಡಲ್ಲ," ಎಂದು ಪೆನ್ನಿಗೆ ಮುಚ್ಚಳ ಹಾಕಿದ.

ಇಪ್ಪತ್ತೆರಡು ತಿಂಗಳು. ಹೊರಬರುವಷ್ಟರಲ್ಲಿ ಹೊರದೇಶದ ರೇಡಿಯೋಗಳು ಅವನನ್ನು ಧೀರನನ್ನಾಗಿ ಮಾಡಿ ಮುಗಿಸಿದ್ದವು. ಮಾಡದ ಧೈರ್ಯಕ್ಕೆ ಬಂದ ಹೆಸರನ್ನು ಸುಳ್ಳಾಗಿಸಬಾರದೆಂಬಂತೆ ಕೆನಾನಿ ಆಮೇಲೆ ನಿಜಕ್ಕೂ ಹಾಗೆಯೇ ಬದುಕಿದ: ಜೈಲು ಸೇರಿದ ಪ್ರತಿ ವರದಿಗಾರನಿಗಾಗಿ ಕೋರ್ಟು ಹತ್ತಿದ, ಇನ್ನೆರಡು ಸಲ ತಾನೇ ಒಳಗೆ ಹೋದ.

ದೊರೆ ಹೋಗಿ ಕಾಲ ಬದಲಾದಾಗ, ಒಂದು ಮಧ್ಯಾಹ್ನ ಕೆನಾನಿ ಚಹಾ ಕುಡಿಯುತ್ತ ಲಾಸ್ಟನ್‌ನನ್ನು ಕೇಳಿದ: "ಎನಿಫಾಗೆ ಹೇಳ್ಲೇನೋ?"

"ಒಂದು ವರ್ಷ ತಡೀರಿ ಸರ್. ಅವರ ಮುಖ ಹೆಂಗೆ ನೋಡ್ಲಿ ನಾನು?"

"ನಾನು ದಿನಾ ನೋಡ್ತಿದೀನಲ್ಲ." ಕೆನಾನಿ ಲೋಟ ಖಾಲಿ ಮಾಡಿ ಕೆಳಗಿಟ್ಟ. "ಸರಿ, ಬಿಡು. ನಿನ್ನ ಕೈಲಾದಾಗ ನೀನೇ ಹೇಳು."

ಮತ್ತೆಂದೂ ಅವನು ಕೇಳಲಿಲ್ಲ. ಆ ಒಂದು ವರ್ಷಕ್ಕೆ ಈಗ ಹದಿನೆಂಟು ತುಂಬಿತ್ತು.

*

ಬ್ಲಾಂಟೈರ್ ನಗರದಿಂದ ಬರಬೇಕಿದ್ದ ಪತ್ರಕರ್ತರ ಸಂಘದ ಅಧ್ಯಕ್ಷರು ತಡಮಾಡಿದರು. ಸ್ಮಶಾನದ ಮೇಲೆ ಮೋಡ ಕವಿಯುತ್ತಿತ್ತು. ಊರ ಮುಖ್ಯಸ್ಥ ಕಾಯಲಾರದೆ ಪೆಟ್ಟಿಗೆಯನ್ನು ಗುಂಡಿಗಿಳಿಸಲು ಹೇಳಿದ, ಭಾಷಣ ಆಮೇಲೆ.

"ಒಂದು ಸಾಲು!" ಕೊನೆಗೂ ಬಂದು ಸೇರಿದ ಅಧ್ಯಕ್ಷರು ಕೈ ಎತ್ತಿದರು. "ಕೇವಲ ಒಂದು ಸಾಲನ್ನು ಕಿತ್ತು ಸಿಂಹಾಸನವನ್ನೇ ನಡುಗಿಸಿದ ಧೀರ!"

"ಒಂದು ಭಾಷಣ!" ಜೋಫಾಟ್ ಮಣ್ಣಿನ ದಿಬ್ಬದಿಂದ ಅದೇ ದನಿಯಲ್ಲಿ ಎಂದ. "ಒಂದೇ ಭಾಷಣದಲ್ಲಿ ಹೊಟ್ಟೆಗಳನ್ನೆಲ್ಲ ನಡುಗಿಸಿದ ಧೀರ!"

ಜನ ಬಾಯಿಗೆ ಕೈ ಅಡ್ಡ ಹಿಡಿದರು. ಎನಿಫಾ ಅಲುಗಲಿಲ್ಲ.

ಲಾಸ್ಟನ್ ಓದತೊಡಗಿದ. ಹುಟ್ಟಿದ ಊರು, ಮಿಶನ್ ಶಾಲೆ, ಮದುವೆ, ಮಗಳು ಥೋಕೊ. ಮುಂದಿನ ಸಾಲಿಗೆ ಬಂದಾಗ ಹಾಳೆ ಮಡಚಿದ.

"ಆ ಸಾಲು ಕಿತ್ತಿದ್ದು ನಾನು."

ಗುಸುಗುಸು ಎದ್ದಿತು. ಅಧ್ಯಕ್ಷರು ಅವನ ಹೆಗಲು ತಟ್ಟಿದರು. "ನೋಡಿದ್ರಾ ಸ್ನೇಹ ಅಂದ್ರೆ? ಸತ್ತವರ ಭಾರ ತಾನು ಹೊರ್ತೀನಿ ಅಂತಾರೆ!" ಯಾರೋ ಚಪ್ಪಾಳೆ ಹೊಡೆದರು.

"ಸ್ನೇಹಾನೂ ಅಲ್ಲ ಮಣ್ಣೂ ಅಲ್ಲ!" ಲಾಸ್ಟನ್ ಕಿರುಚಿದ. "ಮರ್ತೆ ನಾನು. ನಗಿಸ್ತಾ ನಗಿಸ್ತಾ ಮರ್ತೆ. ಪೊಲೀಸರು ಬರೋವರೆಗೂ ಅವರಿಗೆ ಗೊತ್ತೇ ಇರ್ಲಿಲ್ಲ ಅತ್ತಿಗೇ. ನಾನು ಬಚಾವಾಗ್ಲಿ ಅಂತ ಅವರು ಒಪ್ಕೊಂಡ್ರು. ನಾನೇ ಬೇಡ್ಕೊಂಡೆ, ನಿಮಗೆ ಹೇಳ್ಬೇಡಿ ಅಂತ."

ಮುಜುಗರ ಮುಚ್ಚಲು ಪಾದ್ರಿ ಅವಸರದಿಂದ ಹಾಡು ಎತ್ತಿಕೊಂಡರು. ಮಣ್ಣು ಹಾಕಿ ಎಂದು ಮುಖ್ಯಸ್ಥ ತಲೆಯಾಡಿಸಿದ. ಮೊದಲ ಮಣ್ಣು ಪೆಟ್ಟಿಗೆಯ ಮೇಲೆ ಧೊಪ್ಪೆಂದಿತು.

ಎನಿಫಾ ಎದ್ದಳು. ಲಾಸ್ಟನ್‌ನತ್ತ ನೋಡಲೂ ಇಲ್ಲ. ಅವನನ್ನು ದಾಟಿ ಗುಂಡಿಯ ಅಂಚಿಗೆ ಬಂದಳು.

"ಮುಚ್ಚಳ ತೆಗೀರಿ."

"ಏನಮ್ಮಾ?" ಎಂದ ಜೋಫಾಟ್.

"ಮುಖ ನೋಡ್ಬೇಕು. ತೆಗೀರಿ."

ಜೋಫಾಟ್ ಮುಖ್ಯಸ್ಥನತ್ತ ನೋಡಿದ. ಮುಖ್ಯಸ್ಥ ಕಣ್ಣು ತಗ್ಗಿಸಿದ. ಬೆಳಗಿನಿಂದ ಬಾಯಿ ಮುಚ್ಚದ ಜೋಫಾಟ್‌ನ ದನಿ ಸಣ್ಣದಾಯಿತು. "ಇಳಿಸಿದ್ಮೇಲೆ ಎತ್ತೋ ಹಾಗಿಲ್ಲಮ್ಮಾ. ಬಯ್ಯಿ, ಹೊಡಿ, ಅದೊಂದು ಮಾತ್ರ ಕೇಳ್ಬೇಡ."

ಅವನು ಮತ್ತೆ ಗುದ್ದಲಿ ಎತ್ತಿದ. ಎನಿಫಾ ಅದರ ಕಾವಿಗೆ ಎರಡೂ ಕೈ ಹಾಕಿ ಹಿಡಿದಳು. ಅವನು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆಯಲು ಅವನಿಗೆ ಮನಸ್ಸಾಗಲಿಲ್ಲ. ಬಿಡಲು ಅವಳಿಗೆ ಬರಲಿಲ್ಲ. ಇಬ್ಬರೂ ಒಂದೇ ಕಾವು ಹಿಡಿದು ಹಾಗೇ ನಿಂತರು. ಅವರ ಎರಡೂ ಪಕ್ಕದಲ್ಲಿ ಉಳಿದ ಐದು ಗುದ್ದಲಿಗಳು ಗುಂಡಿಗೆ ಮಣ್ಣೆಳೆಯುತ್ತಲೇ ಇದ್ದವು.